ಸುತ್ತು

ನಕೊಂಡೆಯ ಗಡಿಗೇಟಿನಿಂದ ಹಿಂದಕ್ಕೆ
ಲಾರಿಗಳ ಸಾಲು ಇವತ್ತು ಚರ್ಚು ದಾಟಿ
ಜೋಳದ ಗಿರಣಿ ದಾಟಿ
ನನ್ನ ಅಂಗಡಿಯ ಬಾಗಿಲಿಗೇ ಬಂದು ನಿಂತಿದೆ.
ಟಾರ್ಪಾಲಿನ ಕೆಳಗೆ ತಾಮ್ರದ ಹಲಗೆಗಳು.
ಇನ್ನೂ ಗಣಿಯ ಬೆವರಿನ ವಾಸನೆ ಇದೆ ಅನ್ನುತ್ತಾನೆ
ನಾಲ್ಕು ದಿನದಿಂದ ಮೀಯದ ಚಾಲಕ ಕಪೆಂಬ್ವ.
ಇರಬಹುದು. ಸೀಲು ಒಡೆದು ಮೂಸುವಂತಿಲ್ಲ.

ನನ್ನ ಕಸುಬು ಸುಟ್ಟ ಮೋಟಾರು ಸುತ್ತುವುದು.
ಗಿರಣಿಯದು, ಬಾವಿಯ ಪಂಪಿನದು,
ಒಮ್ಮೆ ಪಾದ್ರಿಗಳ ಫ್ಯಾನು.
ಕರೆಂಟು ಹೋಗಿ ಬಂದಾಗಲೆಲ್ಲ
ಊರಲ್ಲಿ ಎಲ್ಲೋ ಒಂದು ಸುಡುತ್ತದೆ,
ನನ್ನ ಒಲೆ ಹೊತ್ತುತ್ತದೆ.
ಕರಿದಾದ ಸುರುಳಿಯನ್ನು ಉಳಿಯಲ್ಲಿ ಕಡಿದು
ಸುತ್ತು ಎಣಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು
ಹೊಸ ತಂತಿಗೆ ಕೈ ಹಾಕುತ್ತೇನೆ:
ಕೆಂಪು ಮೆರುಗಿನ ಕೂದಲೆಳೆ,
ಉರುಳೆಯ ಮೇಲೆ ನನಗೆ ಓದಲು ಬಾರದ ಅಕ್ಷರ.
ದಾರ್ ಎಸ್ ಸಲಾಮಿನ ಬಂದರಿನಿಂದ ಬರುತ್ತದೆ,
ಇದೇ ರಸ್ತೆಯಲ್ಲಿ, ಎದುರು ಸಾಲಿನಲ್ಲಿ.

ಹಲಗೆಯಾಗಿ ಹೋದದ್ದು ಎಳೆಯಾಗಿ ಮರಳುವಷ್ಟರಲ್ಲಿ
ಎಷ್ಟು ಸುಂಕದ ಕಟ್ಟೆ, ಎಷ್ಟು ಮುದ್ರೆ,
ಎಷ್ಟು ಜನರ ಕೈ ಬಿಸಿ ಮಾಡಿದೆಯೋ.
ಹೋಗುವಾಗ ಟನ್ನಿನಲ್ಲಿ ತೂಗಿದ್ದನ್ನು
ನಾನು ಗ್ರಾಮಿನ ಲೆಕ್ಕದಲ್ಲಿ ಕೊಳ್ಳುತ್ತೇನೆ.
ನಮ್ಮದೇ ಇರಬಹುದೇ ಎಂದು ಬೆರಳ ನಡುವೆ ಉಜ್ಜಿ ನೋಡಿದ್ದೇನೆ.
ತಾಮ್ರಕ್ಕೆ ತವರಿನ ಗುರುತು ಉಳಿಯುವುದಿಲ್ಲ.

ತಂಗಿಯ ಮಗಳು ನಚಿಲಿಮ ನಕ್ಷೆಗೆ ಬಣ್ಣ ತುಂಬುತ್ತಾಳೆ.
ಸುತ್ತ ಎಂಟು ದೇಶ, ಎಂಟು ಬಣ್ಣ.
ನೀಲಿ ಪೆನ್ಸಿಲು ಮಾತ್ರ ಚೂಪಾಗಿಯೇ ಉಳಿದಿದೆ.
ಮಾಮ, ಕಡಲೆಂದರೆ ಹೇಗಿರುತ್ತದೆ?
ನಾನೂ ಕಂಡಿಲ್ಲ, ಮಗೂ.
ಪ್ರತಿ ಮೊಳೆಯ ಮೇಲೆ ನಾವು ಕೊಡುವ
ಹೆಚ್ಚಿನ ಒಂದು ಕ್ವಾಚ ಇದೆಯಲ್ಲ,
ಅದೇ ಕಡಲು.

ಮೊನ್ನೆ ಜೀಪಿನಲ್ಲಿ ಬಂದವರು ಮೈಕು ಹಿಡಿದು ಹೇಳಿದರು:
ಹೊಸ ಗೇಟು, ಒಂದೇ ಕಿಟಕಿ, ಒಂದೇ ಕಾಗದ,
ಇನ್ನು ಗಂಟೆಯೊಳಗೆ ಲಾರಿ ಆಚೆಗೆ.
ಚಾಲಕರು ಹಾರ್ನು ಹೊಡೆದು ಕುಣಿದರು.
ಚಿಕ್ಕಮ್ಮ ನಮೊಂಜೆ ಬಾಣಲೆಯಿಂದ ಕಣ್ಣೆತ್ತಲಿಲ್ಲ.
ಈ ಸಾಲಿಗೇ ಮೀನು ಕರಿದು ಮೂವರನ್ನು ಓದಿಸಿದವಳು.
ಗಂಟೆಯಲ್ಲಿ ದಾಟುವವನಿಗೆ
ಹಸಿವಾಗುವುದು ಯಾವಾಗಲೋ, ಅಂದಳು.

ಅಲ್ಲಿಯವರೆಗೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ.
ರಾತ್ರಿ ಚಾಪೆಯ ಮೇಲೆ ಲೆಕ್ಕ ಹಾಕಿದೆ:
ತಂತಿ ಅಗ್ಗವಾಗುತ್ತದೆ, ಸರಿ.
ಆದರೆ ಅದೇ ದಾರಿಯಲ್ಲಿ ಹೊಸ ಮೋಟಾರೂ ಅಗ್ಗವಾಗಿ ಬಂದರೆ
ಸುಟ್ಟದ್ದನ್ನು ಹೊತ್ತು ನನ್ನ ಬಾಗಿಲಿಗೆ ಯಾರು ಬರುತ್ತಾರೆ?
ಇಷ್ಟು ವರ್ಷ ನಾನು ಬೈದ ಈ ದೂರವೇ
ನನ್ನ ಅಂಗಡಿಗೆ ಮುಳ್ಳಿನ ಬೇಲಿಯಾಗಿತ್ತು.
ನನ್ನನ್ನೂ ಚುಚ್ಚಿತು, ನಿಜ.
ಆದರೆ ಒಳಗೆ ಒಂದಿಷ್ಟು ಹಸಿರಿತ್ತು.

ನಿದ್ದೆ ಬರಲಿಲ್ಲ. ಎದ್ದೆ.
ಡಬ್ಬದಲ್ಲಿ ಕೂಡಿಟ್ಟ ಸುಟ್ಟ ಚೂರುಗಳನ್ನು
ಇದ್ದಿಲ ಕೆಂಡದ ಮೇಲೆ, ತಿದಿ ಒತ್ತಿ ಒತ್ತಿ, ಕರಗಿಸಿದೆ.
ಸರಳು ಮಾಡಿ, ಬಡಿದು, ಮತ್ತೆ ಕಾಸಿ,
ಹಳೆಯ ಉಕ್ಕಿನ ಬಿಲ್ಲೆಗೆ ಕೊರೆದ ತೂತಿನಲ್ಲಿ ತುದಿ ತೂರಿಸಿ
ಸೈಕಲ್ಲಿನ ಚಕ್ರಕ್ಕೆ ಕಟ್ಟಿ ತುಳಿದೆ.
ಎರಡು ಸಲ ಹರಿಯಿತು.
ಮೂರನೆಯ ಸಲ ಬಂತು, ನಾಲ್ಕು ಮಾರು,
ದಪ್ಪ, ಅಲ್ಲಲ್ಲಿ ಗಂಟು, ಮೆರುಗಿಲ್ಲ.
ಯಾವ ಮೋಟಾರಿಗೂ ಆಗದು.

ಬೆಳಿಗ್ಗೆ ಚಿಕ್ಕಮ್ಮ ಏನೂ ಕೇಳದೆ ಅದನ್ನು ಎತ್ತಿಕೊಂಡು ಹೋಗಿ
ಎರಡು ಗೂಟಗಳ ನಡುವೆ ಬಿಗಿದು
ತೊಳೆದ ಚಿತೆಂಗೆ ಹರವಿದಳು.
ಬಟ್ಟೆಯ ಒದ್ದೆಗೆ ಸಂಜೆಯ ಹೊತ್ತಿಗೆ
ತಂತಿ ಸ್ವಲ್ಪ ಹಸಿರಾಗಿತ್ತು.
ಆಚೆ ಸಾಲು
ಒಂದು ಲಾರಿಯ ಉದ್ದ ಮುಂದೆ ಸರಿದಿತ್ತು.