ಲೈಲಾಕ್, ಹಳೆಯದು

ಕ್ರಯಪತ್ರ ಸಾವಿರದ ಎಂಟುನೂರ ಎಪ್ಪತ್ತೊಂದರದ್ದು. ಚಕ್ಕುಬಂದಿ:
ಕರಡಿ ಬಿದ್ದ ಬೀಚ್ ಮರದಿಂದ ಹೊರಟು
ಉತ್ತರದಿಂದ ಪೂರ್ವಕ್ಕೆ ನಲವತ್ತೆರಡು ಡಿಗ್ರಿ ವಾರೆಯಾಗಿ
ನಾಲ್ಕು ಸರಪಳಿ ನಡೆದರೆ ಕಲ್ಲುಗುಪ್ಪೆ;
ಅಲ್ಲಿಂದ ತೊರೆಯ ಗುಂಟ, ಅದು ಹೊರಳಿದಲ್ಲಿ ಹೊರಳಿ,
ಹಳೇ ರಸ್ತೆ ಹಿಡಿದು ಮತ್ತೆ ಅದೇ ಬೀಚ್ ಮರ.

ಮರ ಈಗಿಲ್ಲ.
ಕರಡಿ ಆವತ್ತೇ ಇರಲಿಲ್ಲ.
ತೊರೆ ಇದೆ; ಪತ್ರಕ್ಕೆ ಅದೇನೂ ರುಜು ಹಾಕಿರಲಿಲ್ಲ.

ಅಂದಿನ ಉತ್ತರವೂ ಇಂದಿಗೆ ಸಲ್ಲದು.
ಸೂಜಿ ಒಂದೂವರೆ ಶತಮಾನದಲ್ಲಿ ಎರಡು ಡಿಗ್ರಿ ಸರಿದಿದೆ.
ಆದ್ದರಿಂದ ಮೊದಲ ಕೆಲಸ, ಸತ್ತವರ ಕಾಗದವನ್ನು
ಮೇಜಿನ ಮೇಲೆ ಅಷ್ಟು ತಿರುಗಿಸುವುದು.

ನಾನು ಕೂರುವುದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ.
ಏಪ್ರಿಲ್. ವರ್ಮಾಂಟಿನ ಈ ಮೂಲೆಯಲ್ಲಿ ಅದಕ್ಕೆ ಕೆಸರುಕಾಲ ಎನ್ನುತ್ತೇವೆ.
ಕೆಳಗೆ ಯಾರೋ ಬೂಟು ಕೊಡವುತ್ತಾರೆ, ಮೇಲೆ ನನ್ನ ಗೆರೆ ಅಲುಗುತ್ತದೆ.
ಆಲ್ಡನ್ ತಿಬೋನ ಅಳತೆಪುಸ್ತಕದ ಹಾಳೆಗಳಿಗೂ ಕೆಸರು:
ಮೂಲೆ ಒಂದು, ಕಬ್ಬಿಣದ ಗೂಟ, ಸಿಕ್ಕಿತು.
ಮೂಲೆ ಎರಡು, ಕಲ್ಲುಗುಪ್ಪೆ, ಪಾಚಿಯಡಿ ಸಿಕ್ಕಿತು.
ಮೂಲೆ ಮೂರು, ನೀರಲ್ಲಿ ನಿಂತು ಅಳೆದೆ,
ಮನೆಗೆ ಹೋಗಿ ಕಾಲು ಕಾಯಿಸಿದೆ.
ಮತ್ತೆ ಯಾವ ಮೂಲೆಗೂ ಸೇರದ ಒಂದು ಸಾಲು:
ಲೈಲಾಕ್ ಪೊದೆ, ಹಳೆಯದು. ಮನೆ ಇಲ್ಲ.

ಕೋನ ಕೋನ ಕೂಡುತ್ತ ಬಂದೆ.
ಸುತ್ತಿ ಹೊರಟಲ್ಲಿಗೇ ಬರಬೇಕು; ಒಂದೂಕಾಲು ಇಂಚು ಕಡಿಮೆ ಬಂತು.
ಇಪ್ಪತ್ತು ಅಡಿಗೆ ಒಂದಿಂಚಿನ ನಕ್ಷೆಯಲ್ಲಿ ಅದು
ಪೆನ್ಸಿಲ್ ಗೆರೆಯ ದಪ್ಪದೊಳಗೆ ಮಲಗಿಬಿಡುತ್ತದೆ.
ಆದರೂ ಆಲ್ಡನ್‌ಗೆ ಫೋನ್ ಮಾಡಿದೆ.
"ಅದು ನನ್ನ ನಡುಕ," ಎಂದ. "ನೀರು ಕೊರೆಯುತ್ತಿತ್ತು."

ಯೂನಿಸ್ ಲಾರಬೀ ಶಾಲೆಯ ಬಸ್ಸು ಓಡಿಸುತ್ತಾಳೆ.
ಅವಳಿಗೆ ಬೇಕಾದ್ದು ಎರಡು ಕೋಣೆ,
ತೊರೆಯ ಕಡೆಗೊಂದು ಅಡುಗೆಮನೆ ಕಿಟಕಿ.
ಕಾನೂನಿಗೆ ಬೇಕಾದ್ದು ಇನ್ನಷ್ಟು:
ತೊರೆಯಿಂದ ಐವತ್ತು ಅಡಿ ಬಿಡು. ರಸ್ತೆಯಿಂದ ಮೂವತ್ತೈದು ಬಿಡು.
ಕೊಳಕು ನೀರಿನ ಇಂಗುಗುಂಡಿ
ಪಕ್ಕದ ಗ್ಯಾಗ್ನನ್ನರ ಬಾವಿಯಿಂದ ನೂರಡಿ ಆಚೆಗೇ ಇರಲಿ.
ಅವರ ಬಾಯಾರಿಕೆ ಬೇಲಿ ದಾಟಿ ಇವಳ ನೆಲದ ಮೇಲೆ
ಬಿಲ್ಲಿನಂತೆ ಬಾಗಿ ಬಿದ್ದಿದೆ.
ಬಿಸಿಲು ಬೀಳುವ ಸಮತಟ್ಟು, ಅವಳು ಕುರ್ಚಿ ಒಯ್ದು
ಕೂತು ನೋಡಿಬಂದ ಜಾಗ, ಗುಂಡಿಗೇ ಹೋಯಿತು.

ಎರಡೆಕರೆಯಲ್ಲಿ ಬಿಟ್ಟು ಬಿಟ್ಟು ಉಳಿದದ್ದು
ನಕ್ಷೆಯಲ್ಲಿ ಒಂದು ಅಂಚೆಕಾರ್ಡಿನಷ್ಟು.
ಅದರ ನಟ್ಟನಡುವೆ ಆಲ್ಡನ್‌ನ ಲೈಲಾಕ್.

ಬೆಳಗಿನ ಪಾಳಿ ಮುಗಿಸಿ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ.
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದಳು.
"ಈ ಪೊದೆ ಗುಡ್ಡದ ಮೇಲೆ ತಾನಾಗಿ ಹುಟ್ಟೋದಲ್ಲ.
ಯಾರೋ ನೆಟ್ಟು, ಪಾತ್ರೆ ತೊಳೆದ ನೀರು ಎರಚಿ ಸಾಕಿದ್ದು.
ಬಾಗಿಲಲ್ಲಿ ನಿಂತು ಎಷ್ಟು ದೂರ ಎರಚಬಹುದು, ಹೇಳು?"

ಕೆಳಗಿಳಿದು ಅಂಗಡಿಯ ಹಿಂಬಾಗಿಲಲ್ಲಿ ನಿಂತು
ತಣ್ಣಗಾದ ಕಾಫಿ ಎರಚಿ ನೋಡಿದೆವು, ಅವಳೊಮ್ಮೆ, ನಾನೊಮ್ಮೆ.
ಅಂಗಡಿಯವನ ಟೇಪು ಹೇಳಿತು: ಹನ್ನೊಂದು ಅಡಿ.
ನನ್ನದು ಒಂಬತ್ತೇ.

ಮನೆಯನ್ನು ಅವಳ ಎರಚಿನಷ್ಟಕ್ಕೆ ಸರಿಸಿದೆ.
ಕಿಟಕಿಯನ್ನು ತೊರೆಯಿಂದ ಇತ್ತ ಹೊರಳಿಸಿದೆ.
ಅಳತೆಯ ಬಾಣ ಎಳೆದು, ಹನ್ನೊಂದು ಎಂದು ಬರೆದು,
ಪಕ್ಕದಲ್ಲಿ ಬುಲ್ಡೋಜರಿನವನಿಗೆ ದಪ್ಪಕ್ಷರದಲ್ಲಿ:
ಪೊದೆ ಮುಟ್ಟಬೇಡ.
ಅಗೆಯುವಾಗ ಹಳೇ ಪಾಯದ ಕಲ್ಲು ಸಿಕ್ಕರೆ
ಎಲ್ಲಿ ಸಿಕ್ಕಿತು ಎಂದು ಹೇಳು.