ಕಿವಿಯ ಹಿಂದಿನ ಬೊಟ್ಟು

ರೂವಿಯ ಗಡಿಯಾರ ಕಂಬದ ಹಿಂದಿನ ಗಲ್ಲಿ,
ಟೈಲರ್ ಅಂಗಡಿಯ ಮೇಲಿನ ಮಹಡಿ,
ಗಾಜಿಗೆಲ್ಲ ಗುಲಾಬಿ ಸ್ಟಿಕ್ಕರ್.
ಬೆಲ್ ಒತ್ತಿದೆ. ಬಾಗಿಲು ಗೇಣಷ್ಟು ತೆರೆದು
ಹಿಂದೆ ಗಂಡಸರಿಲ್ಲವೆಂದು ನೋಡಿ ಒಳಗೆ ಬಿಟ್ಟಳು
ಬೈಂದೂರಿನ ಸುಗಂಧಿ.

"ಹುಬ್ಬಿಗೆ ಬಣ್ಣ ಹಚ್ಚು ಮಾರಾಯ್ತಿ,
ಎಡಗಡೆಯದು ನಡುವೆ ಕಡಿದಿದೆ."
ಹೋದ ಈದ್ ಹೊತ್ತಿಗೆ, ಸೂಕಿನಲ್ಲಿ, ಅರ್ಧ ರಿಯಾಲಿಗೆ
ಯಾರೋ ಹಚ್ಚಿದ ಕಪ್ಪು ಮೆಹಂದಿ:
ರಾತ್ರಿಯಿಡೀ ಉರಿ, ಬೆಳಗ್ಗೆ ರೆಪ್ಪೆ ತೆರೆಯದ ಬಾವು,
ಹಕ್ಕಳೆ ಎದ್ದಾಗ ಕೂದಲೂ ಜೊತೆಗೆ ಎದ್ದು ಹೋಯಿತು.
ಅಲ್ಲಿಂದ ಈ ಹುಬ್ಬು
ವಾದಿಯ ನೀರು ಕೊಚ್ಚಿಕೊಂಡು ಹೋದ ರಸ್ತೆ.

ದೀಪ ಹತ್ತಿರ ಎಳೆದು ನೋಡಿದಳು. ಮುಟ್ಟಲಿಲ್ಲ.
"ಇವತ್ತ್ ಹಚ್ಚೂದಿಲ್ಲ ಅಕ್ಕ. ಕಾಣಿ,
ಕಿವಿ ಹಿಂದ್ ಒಂದ್ ಬೊಟ್ಟ್ ಇಡ್ತೆ.
ಎರಡ್ ದಿನ ತುರಿಸ್ದೆ ಇದ್ರೆ ಶುಕ್ರವಾರ ಬನ್ನಿ.
ತುರಿಸ್ರೆ ತೊಳ್ದ್ ಬಿಡಿ. ದುಡ್ಡ್ ಈಗ ಬೇಡ."

ನೂಲು ಮಾತ್ರ ಎಳೆದಳು, ಬಲಗಡೆಗೆ.
ಹೊಸ ಉಂಡೆ, ಹೊಸ ಎಳೆ;
ಹಲ್ಲಲ್ಲಿ ಕಚ್ಚಲಿಲ್ಲ, ಕೊರಳಿಗೆ ಸುತ್ತಿಕೊಂಡು
ಮುಂದೆ ಹಿಂದೆ ತೂಗಿದಳು, ಮಗ್ಗದವಳ ಹಾಗೆ.
"ಚರ್ಮ ನೀವೇ ಹಿಡ್ಕಣಿ, ಬಿಗಿ."
ಮೇಲೊಂದು ಕೈ, ಕೆಳಗೊಂದು ಕೈ,
ನನ್ನ ಮುಖವನ್ನು ನಾನೇ ಹಿಡಿದು ಕೂತೆ.
ಹಿಡಿತ ಸಡಿಲಿದರೆ ನೂಲು ಕೊಯ್ಯುತ್ತದಂತೆ.
ಇಷ್ಟು ವರ್ಷ ಯಾರೂ ಹೇಳಿರಲಿಲ್ಲ
ಅರ್ಧ ಕೆಲಸ ನನ್ನದೇ ಎಂದು.

ಗುರುವಾರ, ವಾದಿ ಕಬೀರಿನ ಟಯರ್ ಗೋದಾಮು.
ಬಿಲ್ಲುಗಳ ನಡುವಿಂದ ಬೆರಳು
ಮತ್ತೆ ಮತ್ತೆ ಕಿವಿಯ ಹಿಂದಕ್ಕೆ.
ತುರಿಸುತ್ತಿದೆಯೇ? ತುರಿಸುತ್ತಿದೆ ಅನ್ನಿಸುತ್ತಿದೆಯೇ?
ಅಜ್ಜಿ ಕೆನ್ನೆಗಿಟ್ಟ ಬೊಟ್ಟು ಊರವರ ಕಣ್ಣಿಗೆ;
ಇದು ನನ್ನ ಚರ್ಮಕ್ಕೇ ಹಾಕಿದ ಪ್ರಶ್ನೆ,
ಉತ್ತರಕ್ಕೆ ನಲವತ್ತೆಂಟು ಗಂಟೆ ಗಡುವು.
ಪಕ್ಕದ ಮೇಜಿನ ಶಂಸಾ ಏನೆಂದು ಕೇಳಿದಳು. ಹೇಳಿದೆ.
ಬಾಗಿಲ ಕಡೆ ಒಮ್ಮೆ ನೋಡಿ
ಶೇಲಾ ಸರಿಸಿದಳು: ಕೆನ್ನೆಯಂಚಿಗೆ ಹುಣಸೆ ಎಲೆಯಷ್ಟು ಬಿಳುಪು,
ಮದುವೆಯ ಹಿಂದಿನ ದಿನದ ಬ್ಲೀಚ್.
"ನನಗೆ ಯಾರೂ ಬೊಟ್ಟು ಇಡಲಿಲ್ಲ" ಅಂದು
ಮತ್ತೆ ಶೇಲಾ ಬಿಗಿದು ಟಯರ್ ಎಣಿಸತೊಡಗಿದಳು.

ರಾತ್ರಿ ಬಚ್ಚಲ ಜಾಲರಿಯಲ್ಲಿ ಕೂದಲು, ಇನ್ನೊಂದು ಹಿಡಿ.
ಉಪ್ಪು ಕಳೆದ ಸಮುದ್ರದ ನೀರೇ ಕಾರಣ
ಅನ್ನುತ್ತಾರೆ ಇಲ್ಲಿ ಎಲ್ಲರೂ.
ವಯಸ್ಸು ಅಂತ ಯಾರೂ ಅನ್ನುವುದಿಲ್ಲ, ದಾಕ್ಷಿಣ್ಯ.
ಮುಷ್ಟಿ ತುಂಬುತ್ತಿದ್ದ ಜಡೆ ಈಗ ಇಲಿಬಾಲ,
ಅದಕ್ಕೂ ದಿನಾ ಎಣ್ಣೆ, ದಿನಾ ಸಿಕ್ಕು, ದಿನಾ ರಬ್ಬರ್.

ಶುಕ್ರವಾರ ಸುಗಂಧಿ ಕಿವಿ ಮಡಚಿ ನೋಡಿ
"ಪಾಸ್" ಅಂದಳು.
ಅವಳ ಕುರ್ಚಿಯಲ್ಲಿ ಮದುಮಗಳು, ಇನ್ನೂ ಅರ್ಧ ಗಂಟೆ.
ಮರಿವಿಕ್‌ಳ ಕುರ್ಚಿ ಖಾಲಿ. ಕೂತೆ.
ಆಲ್ಬಮ್ ಕೊಟ್ಟಳು. ಪುಟಪುಟಕ್ಕೂ ಹದಿನೆಂಟರ ಹುಡುಗಿಯರು,
ಒಬ್ಬಳಿಗೂ ನನ್ನ ಹಣೆಯಿಲ್ಲ.
ನನ್ನ ಮೋರೆ ನೋಡಿ ಆಲ್ಬಮ್ ಮುಚ್ಚಿದಳು, ಮನಿಲಾದ ಹಿಂದಿಯಲ್ಲಿ ಕೇಳಿದಳು:
ಬೆಳಗ್ಗೆ ಬಾಚಲು ಎಷ್ಟು ನಿಮಿಷ ಇದೆ ನಿನಗೆ?
ಕಂಪನಿ ವ್ಯಾನು ಆರೂವರೆಗೆ. ನಾಲ್ಕು ನಿಮಿಷ.
ನಾಲ್ಕು ನಿಮಿಷದ ಕೂದಲು ಇಷ್ಟು ಎಂದು
ಭುಜದ ಮೇಲೆ ಬೆರಳಿಟ್ಟಳು. ಆ ಬೆರಳನ್ನು
ನಾನೇ ಎತ್ತಿ ಗದ್ದಕ್ಕೆ, ಅಲ್ಲಿಂದ ಕಿವಿಗೆ ತಂದೆ.
ನೀರು ಚಿಮುಕಿಸಲಿಲ್ಲ ಅವಳು.
ಒದ್ದೆ ಕೂದಲು ಉದ್ದದ ಬಗ್ಗೆ ಸುಳ್ಳು ಹೇಳುತ್ತದೆ, ಅಂದಳು.

ಹಿಂದಿನಿಂದ ಕನ್ನಡಿ ಹಿಡಿದಾಗ
ಬರಿಗತ್ತು, ಬೋಳು ಬೋಳು ಗಾಳಿ,
ಕಿವಿಯ ಹಿಂದೆ ತೊಗರಿ ಕಾಳಷ್ಟು ಕಂದು ಬೊಟ್ಟು,
ಮುಚ್ಚಲು ಏನೂ ಉಳಿದಿರಲಿಲ್ಲ.
"ಅಕ್ಕ, ಬಣ್ಣ ಕಲೆಸ್ಲ್ಯಾ?" ಅಂದಳು ಸುಗಂಧಿ, ಬಟ್ಟಲು ಹಿಡಿದು.
ಮುಂದಿನ ವಾರ, ಅಂದೆ. ಯಾಕೆಂದು ಕೇಳಬೇಡ.

ಮೆಟ್ಟಿಲಿಳಿದರೆ ಕೆಳಗೆ ಟೈಲರ್ ಮಾಸ್ತರ್,
ಆರು ವರ್ಷದಿಂದ ನನ್ನ ರವಿಕೆ ಹೊಲಿಯುವವರು,
ಬಾಯಲ್ಲಿ ಗುಂಡುಪಿನ್ನು, ಕತ್ತಿಗೆ ಟೇಪು,
ನನ್ನನ್ನು ನೋಡಿ ಮರ್ಯಾದೆಯಿಂದ ಬೆರಳು ಮೇಲೆತ್ತಿದರು:
"ಲೇಡೀಸ್ ಮೇಲಿನ ಮಹಡಿ, ಮೇಡಂ."