ಅಳತಿಗೋಲು

ನಾ ಉದ್ದ. ಬಾಳ ಉದ್ದ ಅಂತ
ಎರಡು ವರ ಒಲ್ಲೆಂದು ಎದ್ದು ಹೋಗಿದ್ದವು,
ಅವಲಕ್ಕಿ ಮಾತ್ರ ಬಿಡದ ತಿಂದು.

ಗೋವಾಕ್ಕ ಬಂದಮ್ಯಾಲೆ ಅದಕ್ಕೂ ಒಂದು ಕೆಲಸ ಸಿಕ್ತು:
ಸಾಂಗೆ ದಾಟಿ, ಗೇರುಗುಡ್ಡದ ರಸ್ತೆಗುಂಟ
ಸರಕಾರದ ಕೇಬಲ್ಲಿಗೆ ತಗ್ಗು ತೋಡುವಾಗ
ಮೇಸ್ತ್ರಿ ಕಳಕಪ್ಪನ ಟೇಪು ಹರದಿತ್ತು.
"ಫಕೀರವ್ವಾ, ಇಳದು ನಿಂದರಬೇ.
ನಿನ್ನ ಬೈತಲಿ ರಸ್ತೆ ಸಮ ಬಂದ್ರ ಆಳ ಬರೋಬ್ಬರಿ."

ಅವತ್ತಿನಿಂದ ಅಳತಿ ಪುಸ್ತಕದಾಗ
ಪುಟಪುಟಕ್ಕೂ ನಾನೇ, ಹೆಸರಿಲ್ಲದ:
ಒಂದು ಮೀಟರ್ ಅರವತ್ತೈದು.
ದಿಲ್ಲಿಯಿಂದ ದುಡ್ಡು ಬರೂದು ಆ ಅಂಕಿ ನೋಡಿ.

"ಯಾರ ದುಡ್ಡು?" ಅಂದೆ.
ಎಂಜಿನಿಯರ್ ಹಿಂದಿ ಕೊಂಕಣಿ ಕಲಸಿ ಹೇಳಿದ:
ಎಲ್ಲರದೂ. ನೀ ಕೊಂಡ ಸಾಬೂನಿನಾಗಿಂದೂ.
ನನ್ನ ಸಾಬೂನು ಸಣ್ಣದು.
ಆದರೂ ಕೇಬಲ್ ಮುಟ್ಟಿ ನೋಡಿದೆ,
ಒಂದು ಗೇಣರ ನಂದಿರಬೇಕು ಇದರಾಗ.
ಒಳಗ ಬೆಳಕು ಓಡತೈತಂತ. ಕಿವಿ ಇಟ್ಟೆ.
ಏನೂ ಕೇಳಲಿಲ್ಲ.

ಆಮ್ಯಾಲೆ ಹಳ್ಳದ ತಿರುವು. ಕೆಂಪು ಕಲ್ಲು,
ಹಾರಿ ಬಡದರ ಹಾರಿಗೇ ನೋವು.
ಮೂರು ದಿನ ಬಡದರೂ ಎದಿಮಟ ನಿಂತಬಿಟ್ಟಿತು ತಗ್ಗು.
ಕಳಕಪ್ಪ ಫೋಟೋಕ್ಕ ಮೊಬೈಲ್ ಹಿಡದು
ಸುತ್ತ ನೋಡಿ, ಮೆಲ್ಲಕ: "ಚೂರು ಮೊಣಕಾಲು ಮಡಚು."
ಮಡಚಿದೆ.
ಬೈತಲಿ ರಸ್ತೆ ಸಮ ಬಂತು.
ಬಿಲ್ಲು ಪಾಸಾತು, ಶನಿವಾರ ಪಗಾರೂ ಆತು.
ಸುಳ್ಳು ಯಾಕ ಹೇಳಲಿ, ಮೀನು ತಂದಿದ್ದೆ.

ಪಂಚಾಯ್ತಿ ಗೋಡೆಗೆ ಪೆಟ್ಟಿಗಿ ಬಂತು,
ಹಸಿರು ಹುಳದಂಗ ಮಿಣಮಿಣ.
ಸಿಗ್ನಲ್ಲಿಗೆ ಗುಡ್ಡ ಹತ್ತತಿದ್ದ
ಸುಕೋರಿನಾಬಾಯಿ ಮೊಮ್ಮಗಳು
ಪಂಚಾಯ್ತಿ ಕಟ್ಟಿಮ್ಯಾಲೆ ಕುಂತು ನರ್ಸಿಂಗ್ ಅರ್ಜಿ ತುಂಬಿದಳು;
ತಗ್ಗು ತೋಡಿದಾಕಿ ಅಂತ
ನನ್ನ ಕರದು ಬಿಸಿ ಪಾವು ಕೊಟ್ಟಳು.
ಹನ್ನೊಂದು ದಿನ ಮಿಣುಕಿತು.

ಹನ್ನೆರಡಕ್ಕ ಪೆಟ್ಟಿಗಿ ಕಣ್ಣು ಮುಚ್ಚಿತು.
ಎಲ್ಲಿ ಹರದೈತೋ ಅಂತ
ಸಾಹೇಬರು ಯಂತ್ರ ಇಟ್ಟು ಹುಡುಕಿದರು, ಜೀಪಿನಾಗ ಉಂಡರು,
ಮತ್ತ ಹುಡುಕಿದರು.
ನನ್ನ ಮೊಣಕಾಲಿಗೆ ಗೊತ್ತಿತ್ತು:
ಹಳ್ಳದ ತಿರುವು, ನೀರಿನ ಪೈಪಿನವರ ಜೆಸಿಬಿ.
ನನ್ನ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ಹೊಸ ಎಸ್ಟಿಮೇಟು, ಹೊಸ ಬೋರ್ಡು,
ಹೊಸ ದುಡ್ಡು, ಅಂದ್ರ ಮತ್ತೊಂದು ಸಾಬೂನು.
ಅದೇ ಕಲ್ಲು, ಅದೇ ಕಳಕಪ್ಪ.
ಎದಿಮಟ ತಗ್ಗಿನಾಗ ನಿಂತೀನಿ.
ಫೋನು ಮ್ಯಾಲೆತ್ತಿ ಅಂತಾನ: "ಚೂರು ಮಡಚು."

"ಮೊಣಕಾಲು ನೋಯ್ತಾವೋ ತಮ್ಮಾ," ಅಂದೆ,
"ಹಾರಿ ಈ ಕಡೆ ಕೊಡು."